ನಮ್ಮೂರಲ್ಲಿ ಮಳೆಯೇ ಇಲ್ಲ, ಆದರೂ ಭೀಮಾ ಮನೆಗೆ ಬರುತ್ತದೆ. ಮೊದಲೇ ತಿಳಿಯುವುದು ಹೇಗೆ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಊರು. ನಾನು ಕಲಬುರಗಿಯಲ್ಲಿ ಕೆಲಸಕ್ಕಿದ್ದೇನೆ. ಅಪ್ಪ, ಅವ್ವ, ಎರಡು ಎಮ್ಮೆ, ಒಂದು ಜೋಡಿ ಎತ್ತು ಎಲ್ಲ ಊರಲ್ಲೇ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಹೊಳೆ ಬಂತಲ್ಲ, ಆಗ ನಮ್ಮ ಆರು ಎಕರೆ ತೊಗರಿಯಲ್ಲಿ ನಾಲ್ಕು ಎಕರೆ ಮುಳುಗಿತು. ಮನೆಯ ಕಟ್ಟೆಗೆ ನೀರು ತಾಗಿತು. ಹಿಂದಿನ ದಿನ ಊರಲ್ಲಿ ಡಂಗುರ ಸಾರಿದ್ದರು. ಹೊಳೆಗೆ ಇಷ್ಟು ಲಕ್ಷ ಕ್ಯುಸೆಕ್ ಬಿಟ್ಟಿದ್ದಾರೆ, ಯಾರೂ ದಂಡೆಗೆ ಹೋಗಬೇಡಿ ಅಂತ. ಅಪ್ಪ ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು: "ಇಷ್ಟು ಲಕ್ಷ ಅಂದ್ರ ಹೊಲಕ್ಕ ಬರ್ತದೋ, ಮನಿಗೆ ಬರ್ತದೋ?" ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಎರಡು ಪ್ರಶ್ನೆ ಇವೆ. ನಮ್ಮ ಕಡೆ ಬಿಸಿಲಿದ್ದಾಗಲೂ ಹೊಳೆ ಯಾಕೆ ಹೀಗೆ ಉಕ್ಕುತ್ತದೆ? ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ ಸಿಗುತ್ತದೆ?

ನೇರಮಾತು:
ಉತ್ತರ ಸುಲಭ. ಮಹಾರಾಷ್ಟ್ರದ ಉಜನಿ ಡ್ಯಾಂ. ಬೇಸಿಗೆಯಲ್ಲಿ ಕುಡಿಯಲು ಕೇಳಿದರೂ ನೀರು ಬಿಡುವುದಿಲ್ಲ. ಮಳೆಗಾಲದಲ್ಲಿ ತಮ್ಮ ಡ್ಯಾಂ ತುಂಬಿದ ಕೂಡಲೇ ಗೇಟು ಎತ್ತಿ ನಮ್ಮ ಮೇಲೆ ಬಿಡುತ್ತಾರೆ.

ತೊಗರಿಹೊಲ:
ಹೌದು ನೋಡಿ. ಜೇವರ್ಗಿ ಕಡೆ ನಮ್ಮದೂ ಇದೇ ಕಥೆ. ಕಟ್ಟಿಸಂಗಾವಿ ಸೇತುವೆ ಮೇಲೆ ಸಂಚಾರ ನಿಲ್ಲಿಸಿದರೆ ಕಲಬುರಗಿ ಆಸ್ಪತ್ರೆಗೆ ಹೋಗುವವರ ಗತಿ ಏನು?

ಸೊಲ್ಲಾಪುರ ಕನ್ನಡಿಗ:
ನಾನು ಮೇಲಿನ ದಂಡೆಯಲ್ಲಿರುವವನು, ನಮ್ಮ ಕಡೆಯ ಮಾತೂ ಕೇಳಿ. 2025ರಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲೇ ಸೀನಾ ನದಿ ಊರೂರನ್ನೇ ಮುಳುಗಿಸಿತು. ನಮ್ಮವರೂ ಮನೆ ಬಿಟ್ಟು ಓಡಿದರು. ಸೀನಾ ನೀರು ಉಜನಿಗೆ ಹೋಗುವುದೇ ಇಲ್ಲ. ಅದು ಉಜನಿಯ ಕೆಳಗೆ, ನಿಮ್ಮ ಗಡಿಯ ಹತ್ತಿರ ಹತ್ತರಸಂಗ-ಕುಡಲದಲ್ಲಿ ಭೀಮಾಕ್ಕೆ ಕೂಡುತ್ತದೆ. ಉಜನಿಯ ಎಲ್ಲ ಗೇಟು ಮುಚ್ಚಿದ್ದರೂ ಆ ನೀರು ನಿಮಗೆ ಬರುತ್ತಿತ್ತು.

ನೇರಮಾತು:
ಹಾಗಾದರೆ ಉಜನಿಯ ತಪ್ಪೇ ಇಲ್ಲ ಅಂತೀರಾ?

ಗೇಜ್‌ಕಾಕಾ:
ಇಬ್ಬರೂ ಸ್ವಲ್ಪ ತಡೆಯಿರಿ. ನೀರಿನ ಮಟ್ಟ ಅಳೆಯುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ತಿಳಿದಷ್ಟು ಹೇಳುತ್ತೇನೆ.

ಭೀಮಾ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿ ಸಹ್ಯಾದ್ರಿಯ ಮಳೆ. ನಮ್ಮ ಕಡೆ ಒಣ ಸೀಮೆ. ಒಟ್ಟು 861 ಕಿಲೋಮೀಟರ್ ಹರಿಯುವ ಹೊಳೆ ಇದು. ನಾವಿರುವುದು ಅದರ ಬಾಲದಲ್ಲಿ. ಇಂದ್ರಾಯಣಿ, ಮುಳಾ-ಮುಠಾ ಎಲ್ಲ ಮೇಲೇ ಕೂಡಿ ಉಜನಿಗೆ ಬರುತ್ತವೆ. ಉಜನಿ ಕೆಳಗೆ ನರಸಿಂಗಪುರದಲ್ಲಿ ನೀರಾ ನದಿ ಕೂಡುತ್ತದೆ. ಅದರ ಮೇಲೆ ವೀರ್ ಡ್ಯಾಂ ಇದೆ. ಆಮೇಲೆ ಸೀನಾ, ಈ ಸೊಲ್ಲಾಪುರದವರು ಹೇಳಿದ್ದು ಸರಿಯಾಗಿದೆ. ಅಂದರೆ ನಮಗೆ ನೀರು ಬರಲು ಮೂರು ಬಾಯಿ. ಮೂರೂ ಒಂದೇ ಹೊತ್ತಿಗೆ ತೆರೆದರೆ ಮಹಾಪೂರ.

ಉಜನಿಯಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಆದರೆ ಅದನ್ನು ಕಟ್ಟಿದ್ದು ನೀರಾವರಿಗೆ, ಪ್ರವಾಹ ತಡೆಯಲು ಅಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಂಬಿರಬೇಕು. ಇಲ್ಲದಿದ್ದರೆ ಅಲ್ಲಿನ ರೈತರು ಬಿಡುವುದಿಲ್ಲ. 2020ರ ಅಕ್ಟೋಬರ್ ನೆನಪಿದೆಯಾ? ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಕಾಕಿನಾಡ ಹತ್ತಿರ ದಡ ದಾಟಿತು. ತೆಲಂಗಾಣದ ಮೇಲೆ ಹಾದು ನಮ್ಮ ಕಡೆ, ಮಹಾರಾಷ್ಟ್ರದ ಕಡೆ ಸುರಿಯಿತು. ಆಗ ಡ್ಯಾಂ ತುಂಬಿ ನಿಂತಿತ್ತು. ಹೊಸ ನೀರು ಹಿಡಿದಿಡಲು ಜಾಗ ಎಲ್ಲಿಂದ ತರಬೇಕು? ಬಂದಷ್ಟು ಬಿಡಲೇಬೇಕು. ಜಾಗ ಮೊದಲೇ ಖಾಲಿ ಇಟ್ಟುಕೊಳ್ಳಬಹುದಿತ್ತಾ ಎಂಬುದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಲೇಬೇಕು. ಬೇಕಂತಲೇ ನಮ್ಮ ಮೇಲೆ ಬಿಡುತ್ತಾರೆ ಅನ್ನುವುದು ಮಾತ್ರ ಸುಳ್ಳು.

ಕೃಷ್ಣೆಕಡೆಯವ:
ಶಹಾಪುರ ತಾಲ್ಲೂಕಿನಿಂದ. ಇಲ್ಲಿ ನಾವು ಉಜನಿಗೆ ಬೈಯುತ್ತೇವೆ, ಅಲ್ಲಿ ಸಾಂಗ್ಲಿಯವರು ಆಲಮಟ್ಟಿಗೆ ಬೈಯುತ್ತಾರೆ. ಆಲಮಟ್ಟಿ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಿಸಬೇಕು ಅಂದರೆ ತಮ್ಮ ಊರು ಮುಳುಗುತ್ತವೆ ಅಂತ ಅವರ ತಕರಾರು. ಕೆಳಗಿದ್ದವರಿಗೂ ಭಯ, ಮೇಲಿದ್ದವರಿಗೂ ಭಯ.

ನಾರಾಯಣಪುರದ ಬಸವಸಾಗರ ಡ್ಯಾಂನಿಂದ ಜಾಸ್ತಿ ಬಿಟ್ಟರೆ ನಮ್ಮ ಕೊಳ್ಳೂರು ಸೇತುವೆ ಮುಳುಗುತ್ತದೆ. ದೇವದುರ್ಗಕ್ಕೆ ಸುತ್ತು ಹಾಕಿ ಹೋಗಬೇಕು. ನೀಲಕಂಠರಾಯನ ಗಡ್ಡಿಯ ಜನ ನಡುಗಡ್ಡೆಯಲ್ಲಿ ಉಳಿಯುತ್ತಾರೆ. 2019ರ ಆಗಸ್ಟ್ ಮರೆಯಲು ಆಗುವುದಿಲ್ಲ.

ನೇರಮಾತು:
ಸರಿ, ಮೂರು ಬಾಯಿಯ ಮಾತು ಒಪ್ಪಿಕೊಂಡೆ. ಆದರೆ ಭೀಮಾಕ್ಕೆ ಅಡ್ಡ ಕಟ್ಟಿದ ನಮ್ಮ ಸೊನ್ನ ಬ್ಯಾರೇಜ್ ಇದೆಯಲ್ಲ ಕಾಕಾ? ಗೇಟು ಹಾಕಿ ಅಲ್ಲೇ ಹಿಡಿದುಕೊಂಡು, ಸ್ವಲ್ಪ ಸ್ವಲ್ಪ ಬಿಡಬಹುದಲ್ವಾ?

ಗೇಜ್‌ಕಾಕಾ:
ಲೆಕ್ಕ ಹಾಕಿ ನೋಡು ತಮ್ಮಾ. 1 ಲಕ್ಷ ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಸೊನ್ನ ಬ್ಯಾರೇಜ್ ಹಿಡಿಯುವುದು 3 ಟಿಎಂಸಿ ಚಿಲ್ಲರೆ. ಹೊಳೆ 3 ಲಕ್ಷ ಕ್ಯುಸೆಕ್ ಬಂದರೆ, ಖಾಲಿ ಬ್ಯಾರೇಜ್ ಇದ್ದರೂ ಮೂರು ಗಂಟೆಯೊಳಗೆ ತುಂಬಿಬಿಡುತ್ತದೆ. ಬ್ಯಾರೇಜ್ ಇರುವುದು ಬೇಸಿಗೆಗೆ ನೀರು ನಿಲ್ಲಿಸಲು. ಮಹಾಪೂರದಲ್ಲಿ ಅದು ದಾರಿ ಬಿಡಬೇಕು, ಅಷ್ಟೇ.

ಆದರೆ ಬ್ಯಾರೇಜ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಬಾಂದಾರಗಳಲ್ಲಿ ಒಂದರ ಮೇಲೊಂದು ಇಳಿಸುವ ಗೇಟು ಇರುತ್ತವೆ. ಅವನ್ನು ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ತೆಗೆಯದೆ ಬಿಟ್ಟರೆ ಜಾಲಿ ಕಂಟಿ, ಕಬ್ಬಿನ ಸೋಗೆ, ಕಸ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀರು ಪಕ್ಕದ ಹೊಲಕ್ಕೆ ತಿರುಗುತ್ತದೆ, ಕೆಲವು ಸಲ ದಂಡೆಯನ್ನೇ ಕೊರೆದುಕೊಂಡು ಹೋಗುತ್ತದೆ. ನೇರಮಾತು ಅವರೇ, ನಿಮ್ಮ ಸಿಟ್ಟು ಅಲ್ಲಿ ತೋರಿಸಿ. ಮೇ ತಿಂಗಳಲ್ಲಿ ಹೋಗಿ ಗೇಟು ಎತ್ತಿದ್ದಾರಾ ನೋಡಿ, ಇಲ್ಲದಿದ್ದರೆ ಅರ್ಜಿ ಕೊಡಿ.

ನೇರಮಾತು:
ಮೂರು ಗಂಟೆ ಅಂತ ಗೊತ್ತಿರಲಿಲ್ಲ. ಈ ಮೇ ತಿಂಗಳಲ್ಲಿ ಹೋಗುತ್ತೇನೆ ಕಾಕಾ.

ಸೇಡಂ ಸೀಮೆ:
ಎಲ್ಲರೂ ಭೀಮಾ ಭೀಮಾ ಅಂತಿದ್ದೀರಿ. ಕಾಗಿಣಾ ಹೊಳೆ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ತೆಲಂಗಾಣದ ವಿಕಾರಾಬಾದ್ ಕಡೆಯಿಂದ ತಾಂಡೂರು ದಾಟಿ ಬರುತ್ತದೆ. ಅಲ್ಲಿ ಒಂದು ರಾತ್ರಿ ಜೋರು ಮಳೆಯಾದರೆ ಸಾಕು, ಬೆಳಗ್ಗೆ ನಮ್ಮ ಸೇತುವೆ ಮೇಲೆ ನೀರು. ಬೆಣ್ಣೆತೊರಾ ನೀರೂ ಅದಕ್ಕೇ ಕೂಡುತ್ತದೆ. ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಯ ಬುಡಕ್ಕೆ ಹೊಳೆ. ಜಯತೀರ್ಥರ ಬೃಂದಾವನದ ಒಳಗೂ ನೀರು ನುಗ್ಗುತ್ತದೆ.

ಹೊನಗುಂಟಾ ಹತ್ತಿರ ಕಾಗಿಣಾ ಭೀಮಾಕ್ಕೆ ಸೇರುತ್ತದೆ. ಭೀಮಾ ತುಂಬಿದ್ದರೆ ಕಾಗಿಣಾ ನೀರಿಗೆ ಮುಂದೆ ದಾರಿ ಇರುವುದಿಲ್ಲ. ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಹರಿದು ಹೋಗುವ ನೀರು ಎರಡು ದಿನಕ್ಕೆ ಇಳಿಯುತ್ತದೆ, ನಿಂತ ನೀರು ವಾರವಾದರೂ ಇಳಿಯುವುದಿಲ್ಲ. ಬೆಳೆ ಸಾಯುವುದು ಈ ನಿಂತ ನೀರಿಗೆ.

ಚಿಂಚೋಳಿ ಗಡಿ:
ಮುಲ್ಲಾಮಾರಿ ಹೊಳೆಯನ್ನೂ ಸೇರಿಸಿಕೊಳ್ಳಿ. ನಾಗರಾಳ ಡ್ಯಾಂ ಗೇಟು ಎತ್ತಿದರೆ ನಮಗೆ ಸಿಗುವುದು ದಿನಗಳಲ್ಲ, ಗಂಟೆಗಳು.

ಮಾಂಜ್ರಾ ಮಗಳು:
ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ನಮ್ಮ ಮಾಂಜ್ರಾ ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡದಿಂದ ಬರುತ್ತದೆ. ಮೇಲೆ ಧನೇಗಾಂವ್ ಡ್ಯಾಂ, ಜೊತೆಗೆ ತೇರ್ಣಾ ನದಿ. ನಿಮ್ಮ ನೀರು ಕೃಷ್ಣೆಗೆ, ನಮ್ಮದು ಗೋದಾವರಿಗೆ. ಕಷ್ಟ ಮಾತ್ರ ಒಂದೇ. ಸೋಯಾ ಕೊಯ್ದು ಬಣವೆ ಹಾಕಿದ ಮೇಲೆ ಹೊಳೆ ಬಂದರೆ ಆಗುವ ಸಂಕಟ ಹೇಳತೀರದು. ನನ್ನ ಅಣ್ಣನ ಬಣವೆ ಕಣ್ಣೆದುರೇ ತೇಲಿಕೊಂಡು ಹೋಯಿತು. ಅಣ್ಣ ನೀರಿಗೆ ಇಳಿಯಲು ಹೋದ. ನಾಲ್ಕು ಜನ ಹಿಡಿದು ಎಳೆದುಕೊಂಡು ಬಂದರು.

ತೊಗರಿಹೊಲ:
ಬೆಳೆ ವಿಷಯ ಬಂತಲ್ಲ, ಹೇಳುತ್ತೇನೆ. ನಮ್ಮ ಎರೆ ಮಣ್ಣು ಒಮ್ಮೆ ನೀರು ಕುಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಕೆಳಗೆ ಇಂಗುವುದಿಲ್ಲ. ತೊಗರಿ ಬೇರಿಗೆ ಗಾಳಿ ಬೇಕು. ನೀರು ನಿಂತರೆ ಎರಡು ಮೂರು ದಿನದಲ್ಲಿ ಎಲೆ ಹಳದಿ, ವಾರದಲ್ಲಿ ಬೇರು ಕೊಳೆತು ಗಿಡ ಜೋಲು. ಹೊರಗಿನಿಂದ ನೋಡಿದವರಿಗೆ ಹೊಲ ಇನ್ನೂ ಹಸಿರಾಗಿ ಕಾಣುತ್ತದೆ. ಸರ್ವೆಗೆ ಬಂದವರು "ಬೆಳೆ ಚೆನ್ನಾಗಿದೆಯಲ್ಲ" ಅಂತ ಬರೆದುಕೊಂಡು ಹೋಗುತ್ತಾರೆ. ಹದಿನೈದು ದಿನ ಬಿಟ್ಟು ನೋಡಿದರೆ ಕಟ್ಟಿಗೆ.

ನಾನು ಈಗ ಬೋದು, ಅಂದರೆ ಮಣ್ಣಿನ ಏರು ಸಾಲು ಮಾಡಿ ಮೇಲೆ ತೊಗರಿ ಬಿತ್ತುತ್ತೇನೆ. ಹೊಲದ ತಗ್ಗಿನ ಮೂಲೆಯಿಂದ ಹಳ್ಳಕ್ಕೆ ಒಂದು ಬಸಿಗಾಲುವೆ ತೋಡಿಸಿದ್ದೇನೆ. ಹೊಳೆಯೇ ಹೊಲಕ್ಕೆ ಬಂದರೆ ಇದರಿಂದ ಏನೂ ಆಗುವುದಿಲ್ಲ. ಆದರೆ ಹೊಳೆ ಇಳಿದ ಮೇಲೆ ನೀರು ಬೇಗ ಹೋಗುತ್ತದೆ. ಒಮ್ಮೆ ಅರ್ಧ ಬೆಳೆ ಉಳಿದದ್ದು ಇದರಿಂದಲೇ. ಪೂರ್ತಿ ಹೋದ ಹೊಲಕ್ಕೆ ಹಿಂಗಾರಿ ಕಡಲೆ ಅಥವಾ ಜೋಳ ಹಾಕಬಹುದು. ಹಸಿ ಆರುವವರೆಗೆ ಕಾಯಬೇಕು, ಅವಸರ ಮಾಡಿದರೆ ಬೀಜವೂ ಕೊಳೆಯುತ್ತದೆ.

ಹೊಳೆದಂಡೆ:
ಅಣ್ಣಾ, ಪರಿಹಾರ ಎಷ್ಟು ಬಂತು ನಿಮಗೆ? ಅಪ್ಪನಿಗೆ ಲೆಕ್ಕವೇ ಅರ್ಥ ಆಗಿಲ್ಲ.

ತೊಗರಿಹೊಲ:
2025ರಲ್ಲಿ ಕೇಂದ್ರದ ನಿಯಮದಲ್ಲಿ ಕುಷ್ಕಿ, ಅಂದರೆ ಮಳೆ ನಂಬಿದ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. ಆ ವರ್ಷದ ಪ್ರವಾಹದ ನಂತರ ರಾಜ್ಯ ಸರ್ಕಾರ ಮೂರಕ್ಕೂ 8,500 ಸೇರಿಸಿತು. ಹಾಗಾಗಿ 17,000, 25,500, 31,000 ಆಯಿತು. ಇದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ. ಅದೂ 2 ಹೆಕ್ಟೇರ್‌ವರೆಗೆ ಮಾತ್ರ, ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಮಾತ್ರ. ಬೀಜ, ಗೊಬ್ಬರ, ಕಳೆ, ಹುಳದ ಎಣ್ಣೆ ಎಲ್ಲ ಸೇರಿಸಿದರೆ ಖರ್ಚೂ ಪೂರ್ತಿ ಬರುವುದಿಲ್ಲ.

ಬೆಳೆ ವಿಮೆ ಬೇರೆ. ಹೊಲ ಮುಳುಗಿದರೆ 72 ಗಂಟೆಯೊಳಗೆ ವಿಮೆ ಕಂಪನಿಗೆ ತಿಳಿಸಬೇಕು. ನಮ್ಮ ಊರಲ್ಲಿ ಆ ಮೂರು ದಿನ ಕರೆಂಟೂ ಇರಲಿಲ್ಲ, ಫೋನ್ ಸಿಗ್ನಲ್ಲೂ ಇರಲಿಲ್ಲ. ನಾಲ್ಕನೇ ದಿನ ತಿಳಿಸಿದೆ. ತಡವಾಯಿತು ಅಂತ ತಳ್ಳಿಹಾಕಿದರು. ನನ್ನ ತಪ್ಪೇನಿತ್ತು ಹೇಳಿ.

ಮಾಂಜ್ರಾ ಮಗಳು:
ತಪ್ಪು ನಿಮ್ಮದಲ್ಲ ಅಣ್ಣಾ. ಮುಂದಿನ ಸಲಕ್ಕೆ ಒಂದು ಉಪಾಯ ಮಾಡಿ. ಪಾಲಿಸಿ ನಂಬರ್, ಸರ್ವೆ ನಂಬರ್, ಪಹಣಿ ಫೋಟೊ ಹಿಡಿದು ಹೊರ ಊರಿನಲ್ಲಿರುವ ಒಬ್ಬರ ಫೋನಿಗೆ ಮೊದಲೇ ಕಳಿಸಿಡಿ. ನೀರು ಬಂದ ದಿನ ಅವರು ದೂರು ಕೊಡಲಿ. ನಮ್ಮ ಮನೆಯಲ್ಲಿ ಈ ಕೆಲಸ ನನ್ನದು.

ನೇರಮಾತು:
ಇದೆಲ್ಲ ಪ್ರತಿ ವರ್ಷ ಅಳುವುದಕ್ಕಿಂತ ಊರನ್ನೇ ಎತ್ತರಕ್ಕೆ ಸ್ಥಳಾಂತರ ಮಾಡಬಾರದಾ? 2009ರ ನೆರೆಯ ನಂತರ ಆಸರೆ ಮನೆ ಕಟ್ಟಿಕೊಟ್ಟರಲ್ಲ. ಎಷ್ಟೋ ಕಡೆ ಖಾಲಿ ಬಿದ್ದಿವೆ. ಜನರೇ ಹೋಗಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕು?

ಅಂಗನವಾಡಿ ಅಕ್ಕ:
ಬೈಯುವ ಮೊದಲು ಆ ಮನೆ ಒಳಗೆ ಹೋಗಿ ಬಂದಿದ್ದೀರಾ? ನಾನು ಹೋಗಿದ್ದೇನೆ. ಒಂದು ಕೋಣೆ, ಒಂದು ಅಡುಗೆ ಮೂಲೆ. ಎತ್ತು ಎಲ್ಲಿ ಕಟ್ಟಬೇಕು? ಕಣಕಿ ಬಣವೆ ಎಲ್ಲಿ ಒಟ್ಟಬೇಕು? ಜೋಳದ ಚೀಲ ಎಲ್ಲಿ ಇಡಬೇಕು? ಹೊಲ ಮೂರು ಕಿಲೋಮೀಟರ್ ದೂರ, ನೀರಿನ ಕೊಳಾಯಿ ಬಂದಿದ್ದು ಎಷ್ಟೋ ವರ್ಷದ ಮೇಲೆ. ಹೆಣ್ಣುಮಕ್ಕಳು ರಾತ್ರಿ ಹೊರಗೆ ಹೋಗಲು ದೀಪ ಇರಲಿಲ್ಲ. ಹೋದವರು ವಾಪಸ್ ಬಂದರು. ಅವರು ಹಟಕ್ಕೆ ಬಂದಿದ್ದಲ್ಲ, ಬದುಕಲು ಬಂದಿದ್ದು.

ನೇರಮಾತು:
ಅಕ್ಕಾ, ನನ್ನ ಮಾತು ಒರಟಾಯಿತು, ಕ್ಷಮಿಸಿ. ಆದರೂ ಸ್ಥಳಾಂತರ ಬೇಕೇ ಬೇಕು ಅಂತ ನನಗೆ ಅನಿಸುತ್ತದೆ. ದನ ಕಟ್ಟಲು ಜಾಗ ಇರುವ ಹಾಗೆ ಕೊಡಲಿ.

ಅಂಗನವಾಡಿ ಅಕ್ಕ:
ಅದಕ್ಕೆ ನನ್ನದೂ ಒಪ್ಪಿಗೆ ಇದೆ. ಊರವರನ್ನು ಕೂರಿಸಿ ಕೇಳಿ ನಕ್ಷೆ ಮಾಡಲಿ.

ಅಲ್ಲಿಯವರೆಗೆ ಕಾಳಜಿ ಕೇಂದ್ರವೇ ಗತಿ. ಹೋಗುವಾಗ ಏನೇನು ಒಯ್ಯಬೇಕು ಅಂತ ಬರೆಯುತ್ತೇನೆ, ಮನೆಯಲ್ಲಿ ಹೇಳಿಡಿ. ಪಹಣಿ, ಆಧಾರ್, ಪಾಸ್‌ಬುಕ್, ಮಕ್ಕಳ ಶಾಲೆ ದಾಖಲೆ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ. ಬಿಪಿ, ಶುಗರ್ ಮಾತ್ರೆ. ಬಸುರಿಯರಿದ್ದರೆ ತಾಯಿ ಕಾರ್ಡ್. ಹೆಣ್ಣುಮಕ್ಕಳ ಬಟ್ಟೆ, ಪ್ಯಾಡ್. ಅಲ್ಲಿ ಗಂಡಸರು ಚೀಟಿ ಬರೆದುಕೊಂಡು ತರುವಾಗ ಇದನ್ನು ಯಾರೂ ನೆನಪಿಡುವುದಿಲ್ಲ. ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸಿ. ದನ ಒಯ್ಯಲು ಆಗದಿದ್ದರೆ ಹಗ್ಗ ಬಿಚ್ಚಿಬಿಡಿ, ಕಟ್ಟಿ ಮಾತ್ರ ಹೋಗಬೇಡಿ. ಎಮ್ಮೆ ಈಜುತ್ತದೆ. ಕಟ್ಟಿದ ಎಮ್ಮೆ ಸಾಯುತ್ತದೆ.

ವಾಪಸ್ ಬಂದಾಗ ಮೊದಲು ಹಾವು ನೋಡಿ. ಒಲೆಯ ಸಂದು, ಹಾಸಿಗೆ ಸುರುಳಿ, ಕಟ್ಟಿಗೆ ರಾಶಿ. ನಂತರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ನೀರು ಕುದಿಸಿಯೇ ಕುಡಿಯಿರಿ.

ಸೇಡಂ ಸೀಮೆ:
ಅಕ್ಕ ಹೇಳಿದ್ದು ಓದಿ ನನ್ನ ಅಜ್ಜಿ ನೆನಪಾದಳು. ಮೊದಲು ನಮ್ಮ ಮನೆಯಲ್ಲಿ ಜೋಳ ಇಡುತ್ತಿದ್ದದ್ದು ನೆಲದೊಳಗೆ ತೋಡಿದ ಹಗೇವಿನಲ್ಲಿ. ಒಂದು ವರ್ಷ ಹೊಳೆ ನೀರು ಹಗೇವಿಗೆ ಇಳಿದಿತ್ತಂತೆ. ಬಾಯಿ ತೆಗೆದಾಗ ಬಂದ ವಾಸನೆ ಸಾಯುವವರೆಗೂ ಮರೆಯಲಿಲ್ಲ ಅವಳು. ವರ್ಷದ ಜೋಳ ಪೂರ್ತಿ ಹಳ್ಳಕ್ಕೆ ಹಾಕಿದರಂತೆ.

ಕೃಷ್ಣೆಕಡೆಯವ:
ನಮ್ಮ ಮನೆಯಲ್ಲೂ ಹಗೇವು ಇತ್ತು! ಈಗ ಮುಚ್ಚಿ ಮೇಲೆ ಫರಸಿ ಹಾಕಿದ್ದಾರೆ. ಶಹಾಬಾದ್ ಕಲ್ಲು.

ತೊಗರಿಹೊಲ:
ಹಗೇವಿನ ಜೋಳದ ರೊಟ್ಟಿಗೆ ಬೇರೆಯೇ ರುಚಿ ಇತ್ತು. ಆದರೆ ವಿಷಯ ಬಿಟ್ಟು ಹೋಗುತ್ತಿದ್ದೇವೆ. ಹೊಳೆದಂಡೆ ಅವರ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸೊಲ್ಲಾಪುರ ಕನ್ನಡಿಗ:
ನಮ್ಮ ಹಿರಿಯರ ಲೆಕ್ಕ ಒಂದಿದೆ. ಪಂಢರಪುರದಲ್ಲಿ ಇದೇ ಭೀಮಾಕ್ಕೆ ಚಂದ್ರಭಾಗಾ ಅಂತ ಹೆಸರು. ಅಲ್ಲಿ ಹೊಳೆಯ ಮರಳಿನಲ್ಲಿ ಪುಂಡಲೀಕನ ಗುಡಿ ಇದೆ. ಗುಡಿಗೆ ನೀರು ಸುತ್ತಿತು ಅಂದರೆ ಕೆಳಗಿನ ಊರಿನವರು ಪಂಪ್‌ಸೆಟ್ ಬಿಚ್ಚಲು ಹೋಗುತ್ತಿದ್ದರು. ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ ಹೋದಾಗ ಪರಿಚಯ ಆದವರಿಗೆ ಇವತ್ತಿಗೂ ಫೋನ್ ಮಾಡಿ ಕೇಳುವವರಿದ್ದಾರೆ. ಆದರೆ ಸೀನಾ ನೀರು ಪಂಢರಪುರ ನೋಡುವುದಿಲ್ಲ. 2025ರಲ್ಲಿ ಆ ಗುರುತು ನಂಬಿದವರು ಮೋಸ ಹೋದರು.

ಗೇಜ್‌ಕಾಕಾ:
ಅದಕ್ಕೇ ಎರಡೂ ಕಡೆ ನೋಡಬೇಕು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ. ಸೀನಾ ಮೇಲೆ ವಡಕಬಾಳ, ಭೀಮಾ ಮೇಲೆ ಟಾಕಳಿ, ದೇವಣಗಾಂವ, ಯಾದಗಿರಿ. ಕಾಗಿಣಾ ಮೇಲೆ ಮಳಖೇಡ. ನೀರಿನ ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಫೋನಿನಲ್ಲೇ ನೋಡಬಹುದು. ಅಫಜಲಪುರದವರು ವಡಕಬಾಳ ಮತ್ತು ಟಾಕಳಿ ನೋಡಿ. ಸೇಡಂನವರು ತಾಂಡೂರು ಕಡೆ ಮಳೆ ನೋಡಿ.

ಈಗ ನಿಮ್ಮ ಅಪ್ಪನ ಪ್ರಶ್ನೆ. ಅದು ಈ ಚರ್ಚೆಯ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕ್ಯುಸೆಕ್ ಅನ್ನುವುದು ಇಲಾಖೆಯ ಭಾಷೆ. ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹೋಯಿತು ಎಂಬ ಲೆಕ್ಕ. ಅದರಿಂದ ನೀರು ಎಷ್ಟು ಎತ್ತರ ಬರುತ್ತದೆ ಅಂತ ಪ್ರತಿ ಊರಿಗೂ ಬೇರೆ ಬೇರೆ. ಹೊಳೆ ಅಗಲ ಇರುವ ಕಡೆ 3 ಲಕ್ಷ ಬಂದರೂ ದಂಡೆ ದಾಟುವುದಿಲ್ಲ. ಇಕ್ಕಟ್ಟು ಇದ್ದರೆ ಅದಕ್ಕಿಂತ ಕಡಿಮೆಗೇ ಊರೊಳಗೆ ಬರುತ್ತದೆ. ಇದನ್ನು ಕಚೇರಿಯಲ್ಲಿ ಕೂತವರಿಗಿಂತ ನಿಮ್ಮ ಊರವರೇ ಚೆನ್ನಾಗಿ ಹೇಳಬಲ್ಲರು. ಗುರುತು ಮಾಡಬೇಕು, ಅಷ್ಟೇ.

ಹೀಗೆ ಮಾಡಿ. ಊರಿಗೆ ಹೊಳೆ ಬರುವ ದಾರಿಯಲ್ಲಿ ನಾಲ್ಕೈದು ಗಟ್ಟಿ ಜಾಗ ಹುಡುಕಿ. ಗುಡಿಯ ಮೆಟ್ಟಿಲು, ಶಾಲೆ ಗೋಡೆ, ನೀರಿನ ಟ್ಯಾಂಕಿನ ಕಂಬ. ಕೆಂಪು ಪೇಂಟಿನಲ್ಲಿ ಗೆರೆ ಎಳೆಯಿರಿ. ಮುಂದಿನ ಸಲ ನೀರು ಯಾವ ಗೆರೆಗೆ ಬಂತೋ ಆ ದಿನ, ಆ ಹೊತ್ತು, ಆಗ ಸೊನ್ನದಲ್ಲಿ ಎಷ್ಟು ಬಿಡುತ್ತಿದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀರು ಅಲ್ಲಿಂದ ನಿಮ್ಮೂರಿಗೆ ಬರಲು ಹಿಡಿಯುವ ಹೊತ್ತು ಕಳೆಯುವುದು ಮರೆಯಬೇಡಿ. ಎರಡು ಮೂರು ಸಲ ಬರೆದರೆ ಸಾಕು. ಆಮೇಲೆ ಡಂಗುರದವನು "ಇಷ್ಟು ಲಕ್ಷ" ಅನ್ನುವ ಬದಲು "ಗುಡಿಯ ಮೂರನೇ ಮೆಟ್ಟಿಲಿಗೆ ಬರುತ್ತದೆ" ಅನ್ನಬಹುದು.

ಅಂಗನವಾಡಿ ಅಕ್ಕ:
ಕಾಕಾ, ಇದನ್ನು ನಮ್ಮ ಊರಲ್ಲೂ ಮಾಡಿಸುತ್ತೇನೆ. ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಟ್ಟರೆ ತಪ್ಪದೆ ಬರೆಯುತ್ತಾರೆ.

ಚಿಂಚೋಳಿ ಗಡಿ:
ಮಕ್ಕಳನ್ನು ನೀರಿನ ಹತ್ತಿರ ಕಳಿಸಬೇಡಿ ಅಕ್ಕಾ. ಗೆರೆ ದೂರದಿಂದ ಕಾಣುವಷ್ಟು ದಪ್ಪ ಇರಲಿ.

ಹೊಳೆದಂಡೆ:
ಎಲ್ಲರಿಗೂ ತುಂಬಾ ಧನ್ಯವಾದ. ಈ ಭಾನುವಾರವೇ ಪೇಂಟ್ ತೆಗೆದುಕೊಂಡು ಊರಿಗೆ ಹೋಗುತ್ತೇನೆ. 2020ರ ಗುರುತು ಸಿಕ್ಕರೆ ಅದರಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಶಾಲೆ ಗೋಡೆಯ ಮೇಲೆ ಕೆಸರಿನ ಗೆರೆ ಇತ್ತು, ಆಮೇಲೆ ಸುಣ್ಣ ಬಳಿದುಬಿಟ್ಟಿದ್ದಾರೆ.

ತೊಗರಿಹೊಲ:
ಗುಡಿಯ ಹಿಂಭಾಗ ನೋಡಿ. ಸುಣ್ಣ ಬಳಿಯುವವರು ಹಿಂದಿನ ಗೋಡೆಗೆ ಹೋಗುವುದು ಕಡಿಮೆ. ನಮ್ಮ ಹನುಮಂತ ದೇವರ ಗುಡಿಯಲ್ಲಿ ಹಾಗೇ ಸಿಕ್ಕಿತು.

ಹೊಳೆದಂಡೆ:
ಊರಿಗೆ ಬಂದಿದ್ದೇನೆ. ಗುಡಿಯ ಹಿಂದೆ ಗೆರೆ ಇದೆ, ನನ್ನ ಎದೆಯ ಎತ್ತರಕ್ಕೆ. ಅದಕ್ಕೆ 2020 ಅಂತ ಬರೆದೆವು. 2025ರದ್ದು ನಮ್ಮ ಮನೆ ಕಟ್ಟೆಯ ಮೇಲೆ. ಸುಮಾರು ಹದಿನೈದು ಜನ ಸೇರಿದ್ದರು. ಎಲ್ಲರಿಗೂ ಒಂದೊಂದು ಗುರುತು ನೆನಪಿದೆ.

ಅಪ್ಪ ಮಾತ್ರ ನನ್ನನ್ನು ಕರೆದುಕೊಂಡು ಊರ ಹೊರಗಿನ ಬೇವಿನ ಮರದ ಹತ್ತಿರ ಹೋದರು. "ಇಲ್ಲಿ ಮೊದಲ್ನೇ ಗೆರಿ ಹಾಕು. ನೀರು ಈ ಬುಡಕ್ಕ ಬಂತು ಅಂದ್ರ ಎಮ್ಮಿ ಬಿಚ್ಚಬೇಕು. ಮುಂದಿನವು ಆಮ್ಯಾಲೆ" ಅಂದರು. ಹಾಕಿದ್ದೇನೆ. ಪೇಂಟ್ ಒಣಗಿದ ಮೇಲೆ ಫೋಟೊ ಹಾಕುತ್ತೇನೆ.